ಮೆಂಬರರ ಮನೆಯಿಂದ ಹೋದದ್ದು

ಆಸ್ಪತ್ರೆ ಬಂದರೆ ಮನೆಯಿಂದ ಏನು ಹೋಗಬಹುದು? ಆರೋಗ್ಯವೇ ಹೋಗುತ್ತದೆ ಎಂದು ಹೇಳಿದವರು ಯಾರು? ನೀರು ಬಂದಾಗ ನೀರೇ ಹೋಯಿತು, ನಿಜ. ಕರೆಂಟು ಬಂದಾಗ ಬೆಳಕೇ ಹೋಯಿತು, ಅದೂ ನಿಜ. ಆದರೆ ಟೆಲಿಫೋನು ಬಂದಾಗ ಮಾತು ಹೋಗುತ್ತದೆ ಎಂದು ಯಾರಿಗೆ ಹೊಳೆದಿತ್ತು? ಹಾಗೆಯೇ ಈ ಸಲವೂ ಬೇರೆ ಏನೋ ಹೋಗಬಹುದು. ಅಟ್ಟದ ಮೇಲಿನ ಕಷಾಯದ ಬೇರುಗಳು ಹೋಗಬಹುದು, ಹಳೆಯ ಹಾಸಿಗೆ ಹೋಗಬಹುದು. ಅಷ್ಟಕ್ಕೇ ಮುಗಿಯಬಹುದು. ಇಲ್ಲ, ಅಷ್ಟಕ್ಕೆ ಮುಗಿಯಲಿಕ್ಕಿಲ್ಲ. ರಾಜಧಾನಿಗೆ ಹೋಗುವ ರೈಲಿನಲ್ಲಿ ಕಿಟಕಿಯ ಸರಳಿಗೆ ಹಣೆ ಕೊಟ್ಟು ಕೂತು ಅಪ್ಪ ಹೀಗೆ ಯೋಚಿಸುತ್ತಿದ್ದ ಎಂದು ನಾನು ಊಹಿಸುತ್ತೇನೆ. ಅವನು ಹೇಳಿದ್ದಲ್ಲ. ಸಭೆಯಲ್ಲಿ ಅವನು ಆಡಿದ ಮಾತೆಲ್ಲ ಅಚ್ಚಾಗಿ ಕಪಾಟಿನಲ್ಲಿದೆ. ಮನೆಯ ವಿಷಯದಲ್ಲಿ ಮಾತ್ರ ನಾವು ಅವನ ಮುಖ ನೋಡಿಯೇ ತಿಳಿದುಕೊಳ್ಳಬೇಕಾಗಿತ್ತು.

ನಮ್ಮ ಊರಿಗೆ ರಾಜಧಾನಿಯ ದೊಡ್ಡ ಸಭೆಯಿಂದ ಏನು ಬಂದರೂ ಅದು, ಅದನ್ನು ತಂದ ಮೆಂಬರರ ಮನೆಯಿಂದ ಹೋಗುತ್ತದೆ. ಎಂದಿನಿಂದ ಹೀಗೆ ಎಂದು ಯಾರೂ ಕೇಳುವುದಿಲ್ಲ, ಹೊಳೆ ಯಾಕೆ ಮೂಡಣಕ್ಕೆ ಹರಿಯುತ್ತದೆ ಎಂದು ಯಾರೂ ಕೇಳದ ಹಾಗೆ. ತಂದದ್ದು ಊರಿಗೆ ಬರುವ ದಿನ ಮೆಂಬರರ ಮನೆಯವರು ಮನೆಯಲ್ಲಿರಬೇಕು. ಮೆಂಬರು ಆ ಮನೆಯಲ್ಲೇ ಇರಬೇಕು. ಊರಿನಲ್ಲಿದ್ದಾಗ ಬೇರೆ ಕಡೆ ಮಲಗುವಂತಿಲ್ಲ, ಹುದ್ದೆ ಬಿಟ್ಟ ಮೇಲೂ ಮನೆ ಬಿಡುವಂತಿಲ್ಲ. ಕೊನೆಗೆ ಅಲ್ಲೇ ಕಣ್ಣು ಮುಚ್ಚಿದರೆ ತಂದದ್ದೆಲ್ಲ ಊರಿಗೆ ಖಾಯಂ. ತಪ್ಪಿಸಿಕೊಳ್ಳಲು ನೋಡಿದರೆ ಬಂದದ್ದು ಕೆಡುತ್ತದೆ. ಅಪ್ಪನಿಗಿಂತ ಮುಂಚೆ ಮೆಂಬರರಾಗಿದ್ದ ದೇಸಾಯರು ನಲ್ಲಿ ನೀರು ತಂದಾಗ ಹೆಂಡತಿ ಮಕ್ಕಳನ್ನು ಬೀಗರ ಊರಿಗೆ ಕಳಿಸಿಬಿಟ್ಟಿದ್ದರು. ನೀರೇನೋ ಬಂತು, ಉಪ್ಪು ನೀರು ಬಂತು. ಬೇಳೆ ಬೇಯದ, ಸಾಬೂನು ನೊರೆಯಾಗದ ಆ ನೀರನ್ನು ಊರು ವರ್ಷಗಟ್ಟಲೆ ಕುಡಿಯಿತು. ಅವರ ಹಿತ್ತಲ ಬಾವಿ ಮಾತ್ರ ಎಳನೀರಿನ ಹಾಗೆ ಸಿಹಿಯಾಗಿಯೇ ಇತ್ತು. ಇವತ್ತಿಗೂ ನಮ್ಮಲ್ಲಿ ರಾಜಕೀಯದವರಿಗೆ ಯಾರಾದರೂ ‘ನಿಮ್ಮ ಮನಿ ತಣ್ಣಗಿರಲಿ’ ಎಂದರೆ ಕೈಕೈ ಮಿಲಾಯಿಸುವವರೆಗೆ ಹೋಗುತ್ತದೆ.

ಅಪ್ಪ ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ತೂಕದ ಕೆಲಸಕ್ಕಿದ್ದವನು. ಚನ್ನವೀರಪ್ಪ ತೂಗಿದರೆ ಮತ್ತೆ ತೂಗಬೇಕಿಲ್ಲ ಎಂಬ ಮಾತಿತ್ತಂತೆ. ಆ ಮಾತೇ ಅವನನ್ನು ಚುನಾವಣೆಗೆ ನಿಲ್ಲಿಸಿತು. ಸಿಹಿನೀರು ತರುತ್ತೇನೆ ಎಂದು ಹೇಳಿ ಗೆದ್ದ, ತಂದ. ಆಗ ನಾನು ಹುಟ್ಟಿರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದಿದ್ದ ಅವ್ವ ನೀರು ಬರುವ ದಿನ ಹಂಡೆ ತಿಕ್ಕಿ, ಹಿತ್ತಲ ಬಾವಿಯ ಕೊನೆಯ ಕೊಡವನ್ನು ಸೇದಿ, ರಾಟೆಯಿಂದ ಹಗ್ಗ ಬಿಚ್ಚಿ ಸುತ್ತಿಟ್ಟಳಂತೆ. ಮರುದಿನ ಬಾವಿಯ ತಳದಲ್ಲಿ ಕಲ್ಲು ಕಾಣುತ್ತಿತ್ತು. ಊರಿನ ಬೇರೆಲ್ಲ ಮನೆಗಳಲ್ಲಿ ನಲ್ಲಿ ತಿರುಗಿಸಿದರೆ ನೀರು, ನಮ್ಮಲ್ಲಿ ತಿರುಗಿಸಿದರೆ ಗಾಳಿ. ಹಾಗೆಂದು ನಾವು ಬಾಯಾರಿ ಸಾಯಲಿಲ್ಲ. ಇನ್ನೊಬ್ಬರ ಕೈಯಿಂದ ಬಂದ ನೀರು ನಮ್ಮ ಮನೆಯಲ್ಲೂ ನೀರಾಗಿಯೇ ಇರುತ್ತಿತ್ತು. ಅದಕ್ಕೆ ಓಣಿಯವರು ಸರದಿ ಹಾಕಿಕೊಂಡರು. ಸರದಿ ತಪ್ಪಿಸಿದವರ ಹೆಸರನ್ನು ಮದುವೆ ಮುಂಜಿಗಳಲ್ಲಿ ಎತ್ತಿ ಆಡುತ್ತಿದ್ದರು. ನಮ್ಮ ಪಾತ್ರೆ ತೊಳೆಯಲು ತಂದ ನೀರಿನಲ್ಲಿ ತಮ್ಮ ಮಗುವಿನ ಕಾಲು ತೊಳೆದು ತಂದವರೂ ಇದ್ದರು. ಉಪಕಾರಕ್ಕೂ ಒಂದು ಬೇಸರ ಇರುತ್ತದೆ, ಅದರ ತಪ್ಪಿಲ್ಲ ಎಂದು ಅವ್ವ ನಗುತ್ತಿದ್ದಳು.

ಕರೆಂಟು ಬಂದಾಗ ನಾನು ತೊಟ್ಟಿಲಲ್ಲಿದ್ದೆ. ಆವತ್ತಿನಿಂದ ನಮ್ಮ ಮನೆಯಲ್ಲಿ ಬಲ್ಬು ಮಾತ್ರವಲ್ಲ, ಕಡ್ಡಿ ಗೀರಿದರೂ ಬೆಳಕು ನಿಲ್ಲುತ್ತಿರಲಿಲ್ಲ. ಒಲೆಯ ಬೆಂಕಿ ಕೂಡ ಬಿಸಿ ಕೊಡುತ್ತಿತ್ತು, ಬೆಳಗುತ್ತಿರಲಿಲ್ಲ. ಹೊರಗೆ ಹೊತ್ತಿಸಿ ತಂದ ದೀಪ ಮಾತ್ರ ಉರಿಯುತ್ತಿತ್ತು. ಪಕ್ಕದ ಮನೆಯ ಬೀಬಿಜಾನ್ ದಿನಾ ಮುಸ್ಸಂಜೆ ತನ್ನ ಮನೆಯಲ್ಲಿ ಕಂದೀಲು ಹೊತ್ತಿಸಿ ತಂದು ನಮ್ಮ ಹೊಸ್ತಿಲಲ್ಲಿ ಅವ್ವನ ಕೈಗೆ ಕೊಡುತ್ತಿದ್ದಳು. ಇದಕ್ಕೆ ಸರದಿ ಇರಲಿಲ್ಲ. ನಾನೇ ಕೊಡ್ತೀನಿ ಎಂದು ಆಕೆ ಮೊದಲ ದಿನವೇ ಹೇಳಿಬಿಟ್ಟಿದ್ದಳು. ಹಬ್ಬವಿರಲಿ ಸೂತಕವಿರಲಿ, ಆಕೆಯ ಕಂದೀಲು ತಪ್ಪಲಿಲ್ಲ. ಮುಂದೆ ಹೈಸ್ಕೂಲು ಬಂದಾಗ ನಮ್ಮ ಮನೆಯೊಳಗೆ ಅಕ್ಷರಗಳು ಓದಲು ಬಾರದ ಹಾಗಾದವು. ಪುಸ್ತಕ ಒಳಗೆ ತೆರೆದರೆ ಇರುವೆ ಸಾಲು ಕಂಡಂತಾಗುತ್ತಿತ್ತು. ನಾನು ಬೀಬಿಜಾನಳ ಜಗಲಿಯ ಮೇಲೆ ಕೂತು ಓದಿದೆ. ಅಪ್ಪ ಸರಕಾರದ ಕಾಗದಪತ್ರಗಳನ್ನೆಲ್ಲ ಕ್ಷೌರದ ಅಂಗಡಿಯ ಬೆಂಚಿನಲ್ಲಿ ಕೂತು ಓದುತ್ತಿದ್ದ. ಹೀಗಾಗಿ ನಮ್ಮ ಊರಿನ ಕ್ಷೌರಿಕನಷ್ಟು ಬಜೆಟ್ಟು ತಿಳಿದವರು ಜಿಲ್ಲೆಯಲ್ಲೇ ಇರಲಿಲ್ಲ.

ನಮ್ಮಲ್ಲಿ ಮತದಾನದ ಹಿಂದಿನ ದಿನ ‘ಮನೆ ನೋಡುವ ದಿನ’. ಅಂದು ಮೆಂಬರರ ಮನೆಯ ಬಾಗಿಲು ತೆರೆದಿಡಬೇಕು, ಊರವರು ಸಾಲಾಗಿ ಬಂದು ನೋಡಿ ಹೋಗಬೇಕು. ಬಂದವರು ನಲ್ಲಿ ತಿರುಗಿಸುತ್ತಿದ್ದರು, ಸ್ವಿಚ್ಚು ಒತ್ತುತ್ತಿದ್ದರು, ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ತಾರೀಖು ಓದಲಾಗದೆ ತಲೆಯಾಡಿಸಿ, ಸಮಾಧಾನದಿಂದ ಹೊರಗೆ ಹೋಗುತ್ತಿದ್ದರು. ಅವ್ವ ಎಲ್ಲರಿಗೂ ಚುರಮುರಿ ಹಂಚುತ್ತಿದ್ದಳು. ಎದುರಾಳಿಗಳ ಮನೆಗೂ ಜನ ಹೋಗುತ್ತಿದ್ದರು. ಪ್ರತಿ ಸಲವೂ ಅಪ್ಪನ ಎದುರು ನಿಂತು ಸೋಲುತ್ತಿದ್ದ ವಕೀಲ ನಾಡಗೌಡರು ಒಂದು ಸಲ ತಮ್ಮ ಮನೆಯ ಫ್ಯೂಜು ಕಿತ್ತು ಕತ್ತಲಲ್ಲಿ ಕೂತು, ತಾನೂ ತ್ಯಾಗಕ್ಕೆ ಸಿದ್ಧ ಎಂದು ತೋರಿಸಿದರು. ಹಿಂಬದಿಯ ಕೋಣೆಯಲ್ಲಿ ಅವರ ಮೊಮ್ಮಗಳು ಬ್ಯಾಟರಿ ಹಿಡಿದು ಓದುತ್ತಿದ್ದುದು ಜನಕ್ಕೆ ಕಂಡಿತು. ಠೇವಣಿಯಾದರೂ ಉಳಿಯಲಿ ಎಂದು ಪಾಪ ಕೆಲವರು ಅವರಿಗೆ ಮತ ಹಾಕಿದರಂತೆ.

ಸಭೆಯಲ್ಲಿ ಅಪ್ಪ ದೊಡ್ಡ ಭಾಷಣಕಾರನಲ್ಲ. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ಒಂದು ಪ್ರಶ್ನೆ ಹಿಡಿದರೆ ಅದು ಈಡೇರುವವರೆಗೆ ಪ್ರತಿ ಅಧಿವೇಶನದಲ್ಲೂ ಅದೇ ಪ್ರಶ್ನೆ, ಅದೇ ಶಬ್ದಗಳಲ್ಲಿ. ಮಂತ್ರಿಗಳು ಬದಲಾದರೂ ಪ್ರಶ್ನೆ ಬದಲಾಗುತ್ತಿರಲಿಲ್ಲ. ಕೊನೆಗೆ ಬೇಸತ್ತು ಯಾರೋ ಒಬ್ಬರು ಮಂಜೂರು ಮಾಡುತ್ತಿದ್ದರು. ಪಕ್ಷಗಳು ಒಡೆದವು, ಕೂಡಿದವು; ಅಪ್ಪ ಕೂತ ಕುರ್ಚಿ ಬದಲಾಗಲಿಲ್ಲ. ಮಂತ್ರಿಯಾಗು ಎಂದು ಎರಡು ಸಲ ಕರೆದರು. ಮಂತ್ರಿಯಾದರೆ ರಾಜಧಾನಿಯಲ್ಲೇ ಮನೆ ಮಾಡಬೇಕಾಗುತ್ತದೆ ಎಂದು ಎರಡು ಸಲವೂ ಬೇಡವೆಂದ. ಅಧಿವೇಶನ ಮುಗಿದ ದಿನವೇ ರೈಲು ಹತ್ತುತ್ತಿದ್ದ. ನಲ್ಲಿಯಲ್ಲಿ ನೀರು ಬರುವ, ದೀಪ ಉರಿಯುವ ಅಲ್ಲಿನ ಕೋಣೆಯಲ್ಲಿ ಒಂದು ದಿನ ಹೆಚ್ಚು ಉಳಿದರೂ ಊರಲ್ಲಿ ಏನಾದರೂ ಕೆಟ್ಟೀತು ಎಂಬ ಭಯ ಅವನಿಗೆ.

ಟೆಲಿಫೋನು ಬಂದದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಅವತ್ತು ಬೆಳಗ್ಗೆ ಅವ್ವ ರೊಟ್ಟಿ ಬಡಿಯುತ್ತ ನನ್ನನ್ನು ಏನೋ ಕೇಳಿದಳು. ತುಟಿ ಆಡಿತು, ಶಬ್ದ ಬರಲಿಲ್ಲ. ನಾನು ಏನು ಎಂದೆ. ನನ್ನ ಮಾತು ನನಗೇ ಕೇಳಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಮೊದಲಿನಂತೆಯೇ ಕೇಳುತ್ತಿತ್ತು. ನಾವಿಬ್ಬರೂ ಹೊಸ್ತಿಲ ಹೊರಗೆ ಬಂದು ನಿಂತೆವು. ಉಪ್ಪು ಎಲ್ಲಿ ಇಟ್ಟೆ ಎಂದು ಅವ್ವ ಕೇಳಿದ್ದಳು. ಆಮೇಲೆ ಇದೇ ರೂಢಿಯಾಯಿತು. ಒಳಗೆ ಸನ್ನೆ, ಮಾತಾಡಬೇಕಾದರೆ ಓಣಿಗೆ ಬರುವುದು. ಬಾವಿಕಟ್ಟೆಯಿಂದ ಉಳಿದ ಒಂದು ಕಲ್ಲನ್ನು ಅಪ್ಪ ಬಾಗಿಲ ಎದುರು ಹಾಕಿಸಿದ. ಗಂಡಹೆಂಡತಿ ಅದರ ಮೇಲೆ ಬಂದು ಕೂತರೆ ಓಣಿಯವರಿಗೆ ತಿಳಿಯುತ್ತಿತ್ತು. ಗಂಡಸರು ಗೋಡೆ ಕಡೆ ತಿರುಗಿ ಬೀಡಿ ಹಚ್ಚುತ್ತಿದ್ದರು. ಹೆಂಗಸರು ಬಟ್ಟೆಯನ್ನು ಬೇಕೆಂದೇ ಜೋರಾಗಿ ಒಗೆಯುತ್ತಿದ್ದರು. ಅದು ಆ ಓಣಿಯವರು ನಮಗೆ ಕಟ್ಟಿಕೊಟ್ಟ ಕೋಣೆ ಎಂದು ಈಗ ನನಗೆ ಅನಿಸುತ್ತದೆ. ಅಪ್ಪ ರಾಜಧಾನಿಯಲ್ಲಿದ್ದಾಗ ಎಣ್ಣೆ ಅಂಗಡಿಗೆ ಫೋನು ಮಾಡುತ್ತಿದ್ದ. ಅಂಗಡಿಯಲ್ಲಿದ್ದವರೆಲ್ಲ ಕಿವಿಗೊಟ್ಟಿದ್ದರೂ ಅವ್ವ ನಿಂತು ಮಾತಾಡುತ್ತಿದ್ದಳು. ಅವರು ಊರಲ್ಲಿ ಇಲ್ಲದಾಗಲೇ ನಮ್ಮ ಸಂಸಾರ ಛಲೋ ನಡೀತೈತಿ ಎಂದು ಬೀಬಿಜಾನಳಿಗೆ ಹೇಳಿ ನಗುತ್ತಿದ್ದಳು. ಬೀಬಿಜಾನ್ ನಗುತ್ತಿರಲಿಲ್ಲ.

ಒಳಗೆ ಊಟ ಮಾಡುವಾಗಿನ ಮೌನ ನನಗೆ ಹೇಗೋ ಇಷ್ಟವಾಗುತ್ತಿತ್ತು. ಕಂದೀಲಿನ ಬೆಳಕಿನಲ್ಲಿ ಅಪ್ಪನ ಕೈ ರೊಟ್ಟಿ ಮುರಿಯುವುದು, ಅವ್ವನ ಕೈ ಪಲ್ಲೆ ಬಡಿಸುವುದು. ಅಪ್ಪ ಅವಳ ಕಡೆ ನೋಡಿ ಏನಾದರೂ ಹೇಳಿರಬಹುದೇ, ತುಟಿ ಆಡಿತೇ ಎಂದು ನಾನು ಕದ್ದು ನೋಡುತ್ತಿದ್ದೆ. ಎಷ್ಟೋ ಸಲ ಆಡಿದಂತೆ ಕಂಡಿತು. ಅಗಿಯುತ್ತಿದ್ದನೋ ಏನೋ.

ಇಷ್ಟೆಲ್ಲ ತಂದ ಅಪ್ಪ ಆಸ್ಪತ್ರೆಯನ್ನು ಮಾತ್ರ ಮುಂದೂಡುತ್ತ ಬಂದ. ಹೆರಿಗೆ ಕಷ್ಟವಾದರೆ, ಹಾವು ಕಡಿದರೆ, ಹೊಳೆ ದಾಟಿ ಜಿಲ್ಲೆಯ ಊರಿಗೆ ಜೀಪಿನಲ್ಲಿ ಒಯ್ಯಬೇಕಿತ್ತು. ಪ್ರತಿ ಚುನಾವಣೆಯಲ್ಲೂ ಜನ ಆಸ್ಪತ್ರೆ ಕೇಳಿದರು. ನೋಡೋಣ ಎಂದು ಅಪ್ಪ ಹೇಳಿದ. ಯಾಕೆಂದು ಜನರಿಗೂ ಗೊತ್ತಿತ್ತು. ಆ ಮನೆಯಲ್ಲಿ ಹೆಂಡತಿ ಇದ್ದಾಳೆ, ಮಗಳಿದ್ದಾಳೆ. ಹಾಗಾಗಿ ಗಟ್ಟಿಯಾಗಿ ಕೇಳಲು ಅವರಿಗೂ ನಾಚಿಕೆ. ಕೇಳುವವರಿಗೆ ನಾಚಿಕೆ, ಹೇಳುವವನಿಗೆ ನಾಚಿಕೆ, ಹೀಗೆ ವರ್ಷಗಳು ಕಳೆದವು.

ಬೀಬಿಜಾನಳ ಮಗನ ಹೆಂಡತಿ ರೇಶ್ಮಾ ನನಗೆ ಗೆಳತಿ. ಸೊಸೆಯಾಗಿ ಬಂದ ವಾರದಲ್ಲೇ ನನ್ನ ಪುಸ್ತಕಗಳ ಪಕ್ಕ ಅಕ್ಕಿ ಹಸನು ಮಾಡುತ್ತ ಕೂತು, ನೀ ಗಟ್ಟಿಯಾಗಿ ಓದಿದ್ರ ನಂಗೂ ಪಾಸು ಆಗ್ತೈತಿ ನೋಡು ಎಂದವಳು. ನಾನು ಎಂ.ಎ.ಯ ಮೊದಲ ವರ್ಷದಲ್ಲಿದ್ದಾಗ ಅವಳಿಗೆ ಹೆರಿಗೆ ನೋವು ಬಂತು. ಕೂಸು ಅಡ್ಡವಾಗಿತ್ತು. ಜೀಪು ಹೊಳೆಯ ಆಚೆ ದಂಡೆ ಮುಟ್ಟುವ ಮುಂಚೆಯೇ ಎಲ್ಲ ಮುಗಿಯಿತು. ಮಣ್ಣು ಮಾಡಿ ಬಂದ ಸಂಜೆ ಕೂಡ ಬೀಬಿಜಾನ್ ಕಂದೀಲು ತಂದಳು. ಅವ್ವ ಅದನ್ನು ತೆಗೆದುಕೊಳ್ಳಲು ಕೈ ನೀಡಿದಳು, ನೀಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಬೀಬಿಜಾನ್ ತಾನೇ ಒಳಗೆ ಬಂದು ಗೂಟಕ್ಕೆ ತೂಗುಹಾಕಿ ಹೋದಳು.

ಅದಾದ ಸ್ವಲ್ಪ ದಿನಕ್ಕೆ ಅಪ್ಪ ನನ್ನ ಮದುವೆಗೆ ಅವಸರ ಮಾಡತೊಡಗಿದ. ಎಂ.ಎ. ಮುಗಿಯಲಿ ಎಂದು ನಾನು ಓಣಿಯಲ್ಲಿ ನಿಂತು ಅತ್ತೆ. ಮದುವೆ ಆದ ಮ್ಯಾಲೂ ಓದಬಹುದವ್ವ ಎಂದ. ಹುಡುಗ ಊರಿನವನೇ, ಟಪಾಲು ಕಚೇರಿಯಲ್ಲಿ ಗುಮಾಸ್ತ, ಮನೆ ಕೆಳಗಿನ ಓಣಿಯಲ್ಲಿ. ಇಷ್ಟು ಹತ್ತಿರ ಕೊಡುವುದಾದರೆ ಇಷ್ಟು ಅವಸರ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎನ್ನುತ್ತಾರಲ್ಲ, ನಮ್ಮ ಊರಿನ ಲೆಕ್ಕದಲ್ಲಿ ಮನೆಗೂ ಹೊರಗೆ. ಮದುವೆಯಾಯಿತು. ನಾನು ಕೆಳಗಿನ ಓಣಿಗೆ ಹೋದೆ. ಗಂಡನ ಮನೆಯಲ್ಲಿ ಮೊದಲ ದಿನ ಸ್ವಿಚ್ಚು ಒತ್ತಿ ಬಲ್ಬು ಹತ್ತಿದಾಗ ಹೆದರಿ ಹಿಂದೆ ಸರಿದೆನೆಂದು ಅತ್ತೆ ಈಗಲೂ ಹೇಳುತ್ತಾರೆ.

ನಾನು ತವರಿಗೆ ಬಂದಿದ್ದ ಒಂದು ದಿನ ಮಧ್ಯಾಹ್ನ ಅವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಹೋಗಿ ಕಲ್ಲಿನ ಮೇಲೆ ಕೂತಳು. ಅಪ್ಪ ಹೊರಗೆ ಹೊರಟವನು ಅವಳನ್ನು ನೋಡಿ ನಿಂತ. ನಾನು ಹೊಸ್ತಿಲ ಹೊರಗೆ ನಿಂತಿದ್ದೆ. ಬೀಬಿಜಾನ್ ತನ್ನ ಜಗಲಿಯಲ್ಲಿ ಮೊರದಿಂದ ಗೋಧಿ ಕೇರುತ್ತಿದ್ದಳು. ಎಂದಿನಂತೆ ಅವಳು ಕೇರುವ ಸದ್ದು ಜೋರು ಮಾಡಿದಳು, ಗಂಡಸರು ಗೋಡೆ ಕಡೆ ತಿರುಗಿದರು.

“ಮಗಳ ಮದುವಿ ಆತು,” ಎಂದಳು ಅವ್ವ. “ಇನ್ನ ಯಾರ ದಾರಿ ಕಾಯ್ತೀರಿ?”

ಕೇರುವ ಸದ್ದು ನಿಂತಿತು.

“ಒಳಗ ನಡಿ,” ಎಂದ ಅಪ್ಪ.

“ಒಳಗ ಹೋದ್ರ ಮಾತು ಕೇಳಸೂದಿಲ್ಲ. ಅದಕ್ಕ ಒಳಗ ನಡಿ ಅಂತೀರಿ.”

ಅಪ್ಪ ಅವಳ ಪಕ್ಕ ಕೂತ. ಅವನು ಮೆಲ್ಲಗೆ ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿತು. ಆಸ್ಪತ್ರೆ ಬರುವಷ್ಟು ಕಾಲ ಅವಳು ತಮ್ಮನ ಊರಿಗೆ ಹೋಗಿ ಇರಲಿ ಎಂದ. ದೇಸಾಯರ ನಲ್ಲಿ ನೀರು ಕುಡಿದು ಬೆಳೆದವರು ನೀವು, ಅಂಥಾದ್ದೇ ಉಪ್ಪಿನ ಆಸ್ಪತ್ರಿ ತರ್ತೀರೇನು ಎಂದು ಅವ್ವ ಕೇಳಿದಳು. ಅದಕ್ಕೆ ಅಪ್ಪ, ಹಾಗಾದರೆ ಈ ಸಲ ನಾನು ನಿಲ್ಲುವುದಿಲ್ಲ, ನಾಡಗೌಡ ನಿಲ್ಲಲಿ, ಅವನೇ ತರಲಿ ಎಂದ. ಇದನ್ನು ಅವನು ಬಹಳ ದಿನದಿಂದ ಯೋಚಿಸಿದ್ದಿರಬೇಕು. ಹೇಳುವಾಗ ಅವನ ಮುಖದಲ್ಲಿ ಒಂದು ಥರದ ಹಗುರ ಬಂದಿತ್ತು.

“ಅವರ ಮನ್ಯಾಗ ಆರು ಮೊಮ್ಮಕ್ಕಳದಾವ,” ಎಂದಳು ಅವ್ವ. “ನಮ್ಮ ಮನ್ಯಾಗ ನಾ ಒಬ್ಬಾಕಿ. ತೂಕದ ಕೆಲಸ ಮಾಡಿದವ್ರು ನೀವು, ನಾ ಏನ ಹೇಳಲಿ.”

ಅವ್ವ ಎದ್ದು ಒಳಗೆ ಹೋದಳು. ಓಣಿ ಪೂರ್ತಿ ಸುಮ್ಮನಾಗಿತ್ತು. ಕೇಳಿಸದ ಹಾಗೆ ನಟಿಸುವುದನ್ನು ಆವತ್ತು ಎಲ್ಲರೂ ಮರೆತಿದ್ದರು. ಬೀಬಿಜಾನ್ ಮೊರವನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ಕೂಡ ಆಗಲೇ ಅರ್ಥವಾದದ್ದು. ನನ್ನ ಮದುವೆಯಾಗುವವರೆಗೆ ಆಸ್ಪತ್ರೆ ಕಾದಿತ್ತು. ರೇಶ್ಮಾಳಿಗೆ ಕಾಯಲಾಗಿರಲಿಲ್ಲ.

ಆ ಸಂಜೆ ಕಂದೀಲು ಬರಲಿಲ್ಲ. ಮರುದಿನವೂ ಬರಲಿಲ್ಲ. ಬೇರೆಯವರು ತಾವು ತರುತ್ತೇವೆಂದು ಬಂದರು, ಅವ್ವ ಬೇಡವೆಂದಳು. ಅವರಿಬ್ಬರೂ ಕತ್ತಲಲ್ಲೇ ಊಟ ಮಾಡಿದರು. ನಾನು ಗಂಡನ ಮನೆಗೆ ಹೋಗದೆ ಅಲ್ಲೇ ಉಳಿದಿದ್ದೆ. ಸದ್ದಿಲ್ಲದ, ಬೆಳಕಿಲ್ಲದ ಆ ಮನೆಯಲ್ಲಿ ಮೂವರೂ ಇದ್ದೇವೆಂದು ತಿಳಿಯಲು ತಟ್ಟೆಗೆ ಕೈ ತಾಗಿಸಬೇಕಾಗಿತ್ತು.

ಮೂರನೆಯ ಸಂಜೆ ಬೀಬಿಜಾನ್ ಬಂದಳು. ಹೊಸ್ತಿಲ ಹೊರಗೇ ನಿಂತಳು. ಅಪ್ಪ ಎದ್ದು ಹೊಸ್ತಿಲು ದಾಟಿದ.

“ಮೆಂಬರ್ರ,” ಎಂದಳು ಆಕೆ. “ನಮ್ಮ ರೇಶ್ಮಾ ನಿಮ್ಮ ಮಗಳಕಿಂತ ಸಣ್ಣಾಕಿ ಇದ್ಲು.”

“ಹೌದು,” ಎಂದ ಅಪ್ಪ.

ಅಷ್ಟೇ. ಬೇರೆ ಏನಾದರೂ ಹೇಳುತ್ತಾನೆಂದು ಆಕೆ ಕಾದಳೋ ಏನೋ, ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಕಂದೀಲನ್ನು ಅಪ್ಪನ ಕೈಗೆ ಕೊಟ್ಟು ಹೋದಳು. ಅದುವರೆಗೆ ಆಕೆ ಅದನ್ನು ಅವ್ವನ ಕೈಗಲ್ಲದೆ ಬೇರೆಯವರ ಕೈಗೆ ಕೊಟ್ಟಿರಲಿಲ್ಲ. ಅಪ್ಪ ಅದನ್ನು ಹಿಡಿದು ಒಳಗೆ ಬಂದು, ಎಲ್ಲಿಡಬೇಕೆಂದು ತಿಳಿಯದೆ ನಡುಮನೆಯಲ್ಲಿ ನಿಂತಿದ್ದ.

ಮುಂದಿನ ಅಧಿವೇಶನದಲ್ಲಿ ಅವನು ಆಸ್ಪತ್ರೆಯ ಪ್ರಶ್ನೆ ಎತ್ತಿದ. ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಎಂದು ಮಂತ್ರಿ ನಗೆಯಾಡಿದನಂತೆ. ಅಪ್ಪ ಉತ್ತರ ಕೊಡದೆ ಅದೇ ಪ್ರಶ್ನೆಯನ್ನು ಮತ್ತೆ ಓದಿದ. ಅದರ ನಂತರದ ಅಧಿವೇಶನದಲ್ಲೂ ಓದಿದ. ಮಂಜೂರಾಯಿತು. ಹೊಳೆಯ ಈಚೆ ದಂಡೆಯಲ್ಲಿ ಕಟ್ಟಡ ಏಳತೊಡಗಿತು. ಅವ್ವ ಆಗಾಗ ಹೋಗಿ ಗೋಡೆ ಎಷ್ಟು ಎದ್ದಿದೆ ಎಂದು ನೋಡಿ ಬರುತ್ತಿದ್ದಳು, ಯಾರೋ ತಮ್ಮ ಹೊಸ ಮನೆ ನೋಡಲು ಹೋದ ಹಾಗೆ. ಕಿಟಕಿ ಸಣ್ಣವಾದವು, ಬಾಣಂತಿಯರಿಗೆ ಗಾಳಿ ಬೇಡವೇ ಎಂದು ಮೇಸ್ತ್ರಿಯ ಹತ್ತಿರ ಜಗಳವಾಡಿ ದೊಡ್ಡದು ಮಾಡಿಸಿದಳು.

ಬಾಗಿಲು ತೆರೆಯುವ ದಿನ ಅವಳು ತಲೆಗೆ ಸ್ನಾನ ಮಾಡಿ ನಡುಮನೆಯಲ್ಲಿ ಕೂತಳು. ಓಣಿಯ ಹೆಂಗಸರು ಜೊತೆಗೆ ಕೂರುತ್ತೇವೆಂದು ಬಂದರೆ ಹೊರಗೆ ಕಳಿಸಿದಳು. ನನ್ನನ್ನೂ ಕಳಿಸಿದಳು, ಕೈಯಿಂದ ಹೋಗು ಹೋಗು ಎಂದು ಸನ್ನೆ ಮಾಡಿದ್ದು ಕೋಳಿಯನ್ನು ಓಡಿಸಿದ ಹಾಗಿತ್ತು. ಅಪ್ಪ ಉದ್ಘಾಟನೆಗೆ ಹೋಗಲಿಲ್ಲ. ಮಂತ್ರಿ ಬಂದು ಅವನ ಹೆಸರು ಹೇಳಿ ಹಾರವನ್ನು ಖಾಲಿ ಕುರ್ಚಿಯ ಮೇಲೆ ಇಟ್ಟು ಹೋದರು. ಮನೆಯಲ್ಲಿ ಅವನು ಅವ್ವನ ಎದುರು ಕೂತಿದ್ದ. ಮಧ್ಯಾಹ್ನ ಆಸ್ಪತ್ರೆಯಲ್ಲಿ ಮೊದಲ ಹೆರಿಗೆಯಾಯಿತು. ಹೆಣ್ಣು ಕೂಸು, ತಾಯಿಮಗು ಕ್ಷೇಮ.

ಕೆಲವು ತಿಂಗಳು ಏನೂ ಆಗಲಿಲ್ಲ. ನಿಮ್ಮ ಹೊಟ್ಟೆನೋವಿನ ಚೂರ್ಣದ ಗುಣ ಅಷ್ಟೇ ಹೋಗಿರಬೇಕು ನೋಡ್ರಿ ಎಂದು ಅವ್ವ ಕಲ್ಲಿನ ಮೇಲೆ ಕೂತು ತಮಾಷೆ ಮಾಡಿದಳು. ಅಪ್ಪನೂ ನಕ್ಕ. ಆಮೇಲೆ ಒಂದು ದಿನ ಬದನೆಕಾಯಿ ಹೆಚ್ಚುವಾಗ ಈಳಿಗೆ ಅವಳ ಬೆರಳಿಗೆ ತಾಗಿತು. ಗಾಯ ಸಣ್ಣದು. ಅದು ಮಾಯಲಿಲ್ಲ. ವಾರಗಳಾದರೂ ಆಗಷ್ಟೇ ಕೊಯ್ದ ಹಾಗೆ ಇತ್ತು. ನೆಗಡಿ ಬಂದದ್ದು ಹೋಗಲಿಲ್ಲ, ಜ್ವರ ಬಂದದ್ದು ಇಳಿಯಲಿಲ್ಲ. ಆಸ್ಪತ್ರೆಗೆ ಸೇರಿಸಿದರೆ ನಾಲ್ಕೇ ದಿನಕ್ಕೆ ಬೆರಳು ಕೂಡಿಕೊಂಡಿತು, ಜ್ವರ ಬಿಟ್ಟಿತು, ಕೆನ್ನೆಗೆ ಬಣ್ಣ ಬಂತು. ಮನೆಗೆ ಕರೆತಂದ ಸಂಜೆಯೇ ಬೆರಳು ಮತ್ತೆ ಬಿಚ್ಚಿಕೊಂಡಿತು. ಹೀಗೆ ಹೋಗಿ ಬರುವುದು ಮೂರು ನಾಲ್ಕು ಸಲ ಆಯಿತು. ಪ್ರತಿ ಸಲ ಮನೆಗೆ ಬಂದಾಗಲೂ ಹಿಂದಿನ ಎಲ್ಲ ಕಾಯಿಲೆಗಳೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದವು. ಅಪ್ಪನಿಗೂ ಕೆಮ್ಮು ಹತ್ತಿತ್ತು. ಅದು ರೈಲಿನಲ್ಲಿ ಕಡಿಮೆಯಾಗಿ, ರಾಜಧಾನಿಯಲ್ಲಿ ಬಿಟ್ಟು, ಮನೆಗೆ ಬಂದರೆ ಮತ್ತೆ ಹಿಡಿಯುತ್ತಿತ್ತು.

ಹೊರಗಿನಿಂದ ಬಂದ ಡಾಕ್ಟರಮ್ಮನಿಗೆ ನಮ್ಮ ಊರಿನ ರೀತಿ ತಿಳಿಯದು. ಮನೆಯ ಗೋಡೆಗಳಲ್ಲಿ ತೇವವಿದೆಯೇ, ಇಲಿಗಳಿವೆಯೇ ಎಂದೆಲ್ಲ ವಿಚಾರಿಸಿದರು. ಕೊನೆಗೆ, ಅಮ್ಮ, ನೀವು ಆ ಮನೆಗೆ ಹೋಗಬೇಡಿ, ಹೋದರೆ ನಾನು ಏನೂ ಮಾಡಲಾರೆ ಎಂದು ಹೇಳಿ ಕಿಟಕಿ ಪಕ್ಕದ ಮಂಚವನ್ನು ಅವಳಿಗೇ ಬಿಟ್ಟುಕೊಟ್ಟರು. ನನ್ನ ಮನೆಗೆ ಬಾ ಎಂದು ನಾನೂ ಕರೆದೆ. ಮಗಳ ಮನೆಯಲ್ಲಿ ಕೂತು ಉಣ್ಣುವುದಕ್ಕಿಂತ ಇಲ್ಲಿ ಬಾಣಂತಿಯರಿಗೆ ನೀರು ಕಾಯಿಸಿ ಕೊಡುತ್ತೇನೆ ಎಂದಳು. ಹಾಗೆಯೇ ಮಾಡಿದಳು. ಹೆರಿಗೆಗೆ ಬಂದ ಹುಡುಗಿಯರು ಅವಳನ್ನು ಆಸ್ಪತ್ರೆ ಅವ್ವ ಎಂದು ಕರೆಯತೊಡಗಿದರು. ಅವರ ಬೆನ್ನು ನೀವುತ್ತ ಇಡೀ ದಿನ ಓಡಾಡುವ ಅವಳನ್ನು ನೋಡಿದರೆ ರೋಗಿ ಎಂದು ಯಾರೂ ಹೇಳುವಂತಿರಲಿಲ್ಲ.

ಅಪ್ಪ ದಿನಾ ಸಂಜೆ ಭೇಟಿಯ ಹೊತ್ತಿಗೆ ಬರುತ್ತಿದ್ದ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದ. ಅವರಿಬ್ಬರೂ ಒಂದು ಸೂರಿನ ಕೆಳಗೆ ಕೂತು, ಒಬ್ಬರ ಮಾತು ಒಬ್ಬರಿಗೆ ಕೇಳುವ ಹಾಗೆ ಮಾತಾಡಿ ಎಷ್ಟು ವರ್ಷವಾಗಿತ್ತೋ. ಬಟ್ಟೆ ಒಗೆದು ಸದ್ದು ಮಾಡುವವರಿಲ್ಲ, ಗೋಡೆಗೆ ಮುಖ ತಿರುಗಿಸುವವರಿಲ್ಲ. ಈಗ ಎಲ್ಲ ಹೇಳಿಕೊಳ್ಳುತ್ತಾರೆ ಎಂದು ನಾನು ಭಾವಿಸಿದ್ದೆ. ಅಪ್ಪ ಹೊಸ ಸೇತುವೆಯ ಅರ್ಜಿಯ ಬಗ್ಗೆ ಹೇಳುತ್ತಿದ್ದ. ಅವ್ವ ಮೋಸಂಬಿ ಸುಲಿದು ಕೊಡುತ್ತಿದ್ದಳು. ಊಟ ಯಾರು ಕೊಟ್ಟರು, ಬೀಬಿಜಾನ್ ಬಂದಿದ್ದಳೇ ಎಂದು ಕೇಳುತ್ತಿದ್ದಳು. ಬಂದಿದ್ಲು ಎಂದು ಅಪ್ಪ ಹೇಳುತ್ತಿದ್ದ. ನಡುವೆ ಬಹಳ ಹೊತ್ತು ಇಬ್ಬರೂ ಸುಮ್ಮನಿರುತ್ತಿದ್ದರು. ಮನೆಯೊಳಗಿನ ಮೌನ ನಮಗೆ ಹೊರಗಿನಿಂದ ಬಂದದ್ದು, ಇದು ಹಾಗಲ್ಲ. ಇಲ್ಲಿ ಬಾಯಿ ತೆರೆದರೆ ಕೇಳುತ್ತಿತ್ತು.

ಅದರ ಮುಂದಿನ ಮನೆ ನೋಡುವ ದಿನ ಜನ ಎಂದಿನಂತೆ ಬಂದರು. ಯಾರೂ ನಲ್ಲಿ ತಿರುಗಿಸಲಿಲ್ಲ, ಸ್ವಿಚ್ಚು ಒತ್ತಲಿಲ್ಲ. ಅಡುಗೆಮನೆಯ ಬಾಗಿಲವರೆಗೆ ಹೋಗಿ, ಒಳಗೆ ನೋಡಿ, ತಲೆ ತಗ್ಗಿಸಿ ಹಿಂದಿರುಗಿದರು. ನಾಡಗೌಡರು ಈ ಸಲ ನಿಂತಿರಲಿಲ್ಲ. ಮೊಮ್ಮಕ್ಕಳನ್ನು ಕರೆದುಕೊಂಡು ಬಂದು ಅಪ್ಪನ ಕೈ ಹಿಡಿದು ಬಹಳ ಹೊತ್ತು ನಿಂತಿದ್ದರು. ಚುರಮುರಿ ಹಂಚಿದವಳು ನಾನು.

ಅಪ್ಪ ಗೆದ್ದ. ಆಮೇಲೆ ಇನ್ನೊಂದು ಸಲವೂ ಗೆದ್ದ. ಸಭೆಯಲ್ಲಿ ಅವನಷ್ಟು ವರ್ಷ ಕೂತವರು ಬೇರೆ ಯಾರೂ ಇಲ್ಲ ಎಂದು ಪತ್ರಿಕೆಯವರು ಬರೆದರು. ಕೆಮ್ಮು ಅವನ ಎದೆಯನ್ನು ತಿನ್ನುತ್ತಿತ್ತು. ರಾಜಧಾನಿಯಲ್ಲೇ ಇದ್ದರೆ ಬದುಕುತ್ತೀರಿ ಎಂದು ಅಲ್ಲಿನ ವೈದ್ಯರು ಹೇಳಿದರೂ ಅಧಿವೇಶನ ಮುಗಿದ ದಿನವೇ ರೈಲು ಹತ್ತುತ್ತಿದ್ದ. ಸ್ಟೇಷನ್ನಿನಿಂದ ನೇರ ಆಸ್ಪತ್ರೆಗೆ, ಆಸ್ಪತ್ರೆಯಿಂದ ಆ ಮನೆಗೆ. ಕೊನೆಯ ದಿನಗಳಲ್ಲಿ ಭೇಟಿಯ ಹೊತ್ತು ಮುಗಿದು ಗಂಟೆ ಬಾರಿಸಿದರೂ ಅವನು ತಟಕ್ಕನೆ ಏಳುತ್ತಿರಲಿಲ್ಲ. ಅವ್ವ ಕಾಲು ಕೆಳಗೆ ಬಿಟ್ಟು, ಚಪ್ಪಲಿಗೆ ಬೆರಳು ತಾಗಿಸಿ, ಅವನ ಮುಖವನ್ನೇ ನೋಡುತ್ತ ಕೂತಿರುತ್ತಿದ್ದಳು. ಒಂದು ಮಾತು ಬಂದಿದ್ದರೆ ಅವಳು ಎದ್ದು ಹೊರಟುಬಿಡುತ್ತಿದ್ದಳು, ಬೆರಳು ಬಿಚ್ಚಿದರೆ ಬಿಚ್ಚಲಿ, ಜ್ವರ ಬಂದರೆ ಬರಲಿ ಎಂದು. ಅದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅಪ್ಪ ನಾಳೆ ಬರ್ತೀನಿ ಎಂದು ಏಳುತ್ತಿದ್ದ.

ಅವನು ಆ ಮನೆಯಲ್ಲೇ ತೀರಿಕೊಂಡ. ತಂದದ್ದೆಲ್ಲ ಊರಿಗೆ ಖಾಯಂ ಆಯಿತು. ಅವ್ವ ಈಗಲೂ ಆಸ್ಪತ್ರೆಯಲ್ಲಿ ಬಾಣಂತಿಯರಿಗೆ ನೀರು ಕಾಯಿಸುತ್ತಾಳೆ.

ಮನೆಗೆ ಬಾ ಎಂದು ಅಪ್ಪ ಅವಳಿಗೆ ಒಂದು ದಿನವೂ ಹೇಳಲಿಲ್ಲ.